ಭಾನುವಾರದ ಊಟಕ್ಕೆ ಬೇಗ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 1 ಗಂಟೆಗೆ ಮಂಡಗದ್ದೆ ಹತ್ತಿರದ ಆ ಮಲೆನಾಡು ಊಟದ ಹೋಟೆಲಿಗೆ ಹೋಗುವುದು ಪಕ್ಕಾ. ಅಲ್ಲಿ ಮೆನು ಕಾರ್ಡ್ ಇಲ್ಲ, ಮಳೆಗಾಲದಲ್ಲಿ ಸುತ್ತಮುತ್ತ ಏನು ಸಿಗುತ್ತದೋ ಅದೇ ಊಟ: ಕಳಲೆ (ಎಳೆ ಬಿದಿರು) ಪಲ್ಯ, ಕೆಸುವಿನ ಎಲೆಯ ಪತ್ರೊಡೆ, ಒಂದೆಲಗದ ತಂಬುಳಿ, ಬಿಸಿ ಕಡುಬು. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿಟ್ಟ ಮೇಲೆಯೇ ಬೇಯಿಸಬೇಕಲ್ವಾ, ಅದಕ್ಕೇ ಅವರು ಎಷ್ಟು ಜನ ಅಂತ ಮೊದಲೇ ಕೇಳುತ್ತಿದ್ದಾರೆ. ಬುಧವಾರ ರಾತ್ರಿಯೊಳಗೆ ಹೆಸರು ಹಾಕಿ. ಏಡಿ ಸಾರು ಬೇಕಾದವರು ಪಕ್ಕದಲ್ಲೇ 'ಏಡಿ' ಅಂತ ಬರೆಯಿರಿ. ಕೆಸುವಿನ ಎಲೆ ಗಂಟಲು ಕೆರೆಯುತ್ತದೆ ಅಂತ ಸುಮ್ನೆ ಹೆದರಬೇಡಿ, ಹುಣಸೆಹುಳಿ ಜಾಸ್ತಿಯೇ ಹಾಕುತ್ತಾರೆ. 11.30ಕ್ಕೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಎದುರು ಸೇರೋಣ. ಕಾರಿನಲ್ಲಿ ಸೀಟು ಖಾಲಿ ಇರುವವರೂ ತಿಳಿಸಿ. ಕೊಡೆ ಮರೆಯಬೇಡಿ.