ಗಿರೀಶನಿಗೆ, ಎಣಿಕೆಯಲ್ಲಿ ತಪ್ಪಿಹೋದ ಹುಡುಗನ ಬಗ್ಗೆ

ಪ್ರೀತಿಯ ಗಿರೀಶ,

ಹೇಗಿದ್ದೀಯ? ಹೋದ ಭಾನುವಾರ ವಾಷಿಂಗ್ಟನ್‌ಗೆ ಹೋಗಿದ್ದೆ ಕಣೋ. ಅಲ್ಲಿ ವಿಯೆಟ್ನಾಂ ಯುದ್ಧದ ಕಪ್ಪು ಕಲ್ಲಿನ ಗೋಡೆ ಇದೆಯಲ್ಲ, 58,000ಕ್ಕೂ ಜಾಸ್ತಿ ಜನರ ಹೆಸರು ಕೆತ್ತಿರುವುದು, ಅದನ್ನು ನೋಡಲು. ಕೊನೆಯ ಹೆಸರುಗಳು ಗೋಡೆಯ ಬುಡದಲ್ಲಿವೆ. ಓದಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು. ನಾನು ಕೂತು ಹುಡುಕಿದ್ದು ಜೋಸೆಫ್ ಹಾರ್ಗ್ರೋವ್ ಅಂತ ಒಬ್ಬ ಮರೀನ್ ಸೈನಿಕನ ಹೆಸರು.

1975ರ ಮೇ ತಿಂಗಳು. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬಿದ್ದು ಎರಡು ವಾರವೂ ಆಗಿರಲಿಲ್ಲ. ಕಾಂಬೋಡಿಯಾದಲ್ಲಿ ಆಗಷ್ಟೇ ಅಧಿಕಾರ ಹಿಡಿದಿದ್ದ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್‌ನವರು ಮಯಾಗ್ವೆಜ್ ಎಂಬ ಅಮೆರಿಕದ ಸರಕು ಹಡಗನ್ನು ಹಿಡಿದರು. ಅದರ ಜನರನ್ನು ಕೋ ಟಾಂಗ್ ಎಂಬ ಪುಟ್ಟ ದ್ವೀಪದಲ್ಲಿ ಇಟ್ಟಿದ್ದಾರೆ ಎಂದುಕೊಂಡು, 15ರ ಬೆಳಗಿನ ಜಾವ ಅಲ್ಲಿಗೆ ಮರೀನ್‌ಗಳನ್ನು ಹೆಲಿಕಾಪ್ಟರ್‌ಗಳಲ್ಲಿ ಕಳಿಸಿದರು. ದ್ವೀಪದಲ್ಲಿ ಅಷ್ಟೇನೂ ಕಾವಲಿಲ್ಲ ಎಂದು ಹುಡುಗರು ನಂಬಿ ಹೋಗಿದ್ದರು. ಇಳಿಯುವ ಮೊದಲೇ ಗುಂಡಿನ ಮಳೆ. ಒಂದು ಹೆಲಿಕಾಪ್ಟರ್ ದಡದ ಹತ್ತಿರ ನೀರಿಗೆ ಬಿತ್ತು, ಅದರಲ್ಲೇ 13 ಜನ ಹೋದರು.

ನನ್ನ ಹೊಟ್ಟೆ ಉರಿಯುವುದು ಇಲ್ಲಿ, ನೋಡು. ಹಡಗಿನವರು ಆ ದ್ವೀಪದಲ್ಲಿ ಇರಲೇ ಇಲ್ಲ! ಖ್ಮೇರ್ ರೂಜ್‌ನವರೇ ಅವರನ್ನು ಮೀನುಗಾರರ ದೋಣಿಯಲ್ಲಿ ಬಿಟ್ಟು ಕಳಿಸಿದ್ದರು, ಬೆಳಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ಅಮೆರಿಕದ ಹಡಗು ಸೇರಿದ್ದರು. ಯಾರಿಗಾಗಿ ಬಂದಿದ್ದರೋ ಅವರು ಪಾರಾದ ಮೇಲೂ ಈ ಹುಡುಗರು ಮರಳಿನ ಮೇಲೆ ಇಡೀ ದಿನ ಹೊಡೆದಾಡುತ್ತಲೇ ಇದ್ದರು, ಯಾಕೆಂದರೆ ಈಗ ಇವರನ್ನು ಅಲ್ಲಿಂದ ಎತ್ತಿಕೊಂಡು ಬರುವುದೇ ದೊಡ್ಡ ಕೆಲಸ ಆಗಿತ್ತು.

ಕೊನೆಯ ಹೆಲಿಕಾಪ್ಟರ್ ಮೇಲೇರಿದಾಗ ರಾತ್ರಿ ಎಂಟು ದಾಟಿತ್ತು. ಕಗ್ಗತ್ತಲು, ಗುಂಡಿನ ಸದ್ದು, ಯಾರು ಹತ್ತಿದರು ಯಾರು ಇಲ್ಲ ಗೊತ್ತಾಗುವ ಹಾಗಿರಲಿಲ್ಲ. ಎಣಿಸಿದ್ದು ಆಮೇಲೆ. ಬಲಗಡೆ ಮೆಷಿನ್ ಗನ್ ಹಿಡಿದು ಕಾವಲಿದ್ದ ಮೂವರು ಇರಲಿಲ್ಲ. ಹಾರ್ಗ್ರೋವ್, ಗ್ಯಾರಿ ಹಾಲ್, ಡ್ಯಾನಿ ಮಾರ್ಷಲ್. ಆ್ಯಷ್ಟನ್ ಲೋನಿ ಎಂಬ ಇನ್ನೊಬ್ಬ ಹುಡುಗ ಮೊದಲೇ ಗುಂಡಿಗೆ ಸತ್ತಿದ್ದ, ಅವನ ಹೆಣವೂ ದಡದಲ್ಲೇ ಉಳಿಯಿತು.

ಅವತ್ತು ಹಾರ್ಗ್ರೋವ್‌ನ ಹುಟ್ಟುಹಬ್ಬ ಕಣೋ. 24 ತುಂಬಿತ್ತು.

ನೀನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಬಸ್ಸು ಬಿಡುವ ಮೊದಲು ಮೂರು ಸಲ ತಲೆ ಎಣಿಸುತ್ತೀಯಲ್ಲ, ನಾನು ನಗುತ್ತಿದ್ದೆ. ಇನ್ನು ನಗುವುದಿಲ್ಲ. ಆ ಕತ್ತಲಲ್ಲಿ ಎಣಿಸಲಾಗದವರನ್ನು ನಾನು ಬೈಯಲಾರೆ, ಅವರೂ ಜೀವ ಕೈಲಿ ಹಿಡಿದಿದ್ದರು. ಆದರೆ ಮರುದಿನ? ಯುದ್ಧನೌಕೆಯೊಂದು ದಡದ ಹತ್ತಿರ ಹೋಗಿ ನೋಡಿತು, ಯಾರೂ ಕಾಣಲಿಲ್ಲ. ದ್ವೀಪಕ್ಕೆ ಮತ್ತೆ ಯಾರನ್ನೂ ಇಳಿಸಲಿಲ್ಲ. ಇದನ್ನು ನಾನು ಒಪ್ಪಲಾರೆ. ಮೂವರನ್ನೂ ಹಿಡಿದು ಕೊಂದೆವು ಎಂದು ಅಲ್ಲಿದ್ದ ಖ್ಮೇರ್ ರೂಜ್ ನಾಯಕ ಎಷ್ಟೋ ವರ್ಷಗಳ ಮೇಲೆ ಹೇಳಿದ. ಅಂದರೆ ಹೆಲಿಕಾಪ್ಟರ್ ಹೋದಾಗ ಅವರು ಬದುಕಿದ್ದರು.

1990ರ ದಶಕದಲ್ಲಿ ಎರಡೂ ದೇಶದವರು ಸೇರಿ ಅಲ್ಲಿ ಹುಡುಕಿದರು. ನೀರಿಗೆ ಬಿದ್ದ ಹೆಲಿಕಾಪ್ಟರ್‌ನಲ್ಲಿದ್ದವರ ಮೂಳೆಗಳು ಸಿಕ್ಕಿ, ಹಲವರ ಮನೆಯವರು ಕೊನೆಗೂ ಮಣ್ಣು ಮಾಡಿದರು. ಈ ನಾಲ್ವರ ಮನೆಯವರಿಗೆ ಅದೂ ಸಿಗಲಿಲ್ಲ.

ಗೋಡೆಯ ಹತ್ತಿರ ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಂಡೆ, ನಾಲ್ವರದ್ದೂ. ಊರಿಗೆ ಬರುವಾಗ ತರುತ್ತೇನೆ, ಮಡಚದೆ ಪುಸ್ತಕದೊಳಗೆ ಇಟ್ಟಿದ್ದೇನೆ.

ನಿನ್ನ,
ಸುರೇಶ