ಸ್ಟಾರ್ ಹಾಳಾಯ್ತಾ ಆಂಟಿ?

ಮೇಲಿನ ಮಹಡಿಯ ಶಿರಸಿಯವರ ಮಗಳು ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದ್ದಳು. ಎರಡನೇ ಕ್ಲಾಸು. "ಆಂಟಿ, ನಿಮ್ಮನೆ ಕ್ರಿಸ್‌ಮಸ್ ಸ್ಟಾರ್ ಹಾಳಾಯ್ತಾ?" ಅಂದಳು. ಇಲ್ಲ ಪುಟ್ಟಿ, ಪೆಟ್ಟಿಗೆಯಲ್ಲಿದೆ ಅಂದೆ. "ಮತ್ತೆ ಯಾಕೆ ಹಾಕಿಲ್ಲ?" ಅಷ್ಟರಲ್ಲಿ ನನ್ನ ಮಹಡಿ ಬಂತು. ಪುಣ್ಯ.

ಹಾಕಿಲ್ಲ, ಯಾಕೆಂದರೆ ಮನೆಯಲ್ಲಿ ಯಾರೂ ಇಲ್ಲ. ನಮ್ಮವರು, ಮಕ್ಕಳು ಕಾರವಾರಕ್ಕೆ ಹೋಗಿದ್ದಾರೆ. ವರ್ಷದ ಕೊನೆಯ ಲೆಕ್ಕಪತ್ರ ಅಂತ ನನಗೆ ರಜೆ ಸಿಗಲಿಲ್ಲ. ಈ ಸಲ ಕ್ರಿಸ್‌ಮಸ್ ಗುರುವಾರ. ಮಸ್ಕತ್ತಿನಲ್ಲಿ ಅದೊಂದು ಕೆಲಸದ ದಿನ, ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗಬೇಕು. ಒಬ್ಬಳೇ ಇರುವ ಮನೆಗೆ ಎಂಥ ಸ್ಟಾರು, ಎಂಥ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ) ಅಂತ ಸುಮ್ನೆ ಕೂತಿದ್ದೆ. ಆ ಹುಡುಗಿ ಕೇಳಿದ ಮೇಲೆ 1987 ನೆನಪಾಯಿತು.

ಅಪ್ಪ ಹಡಗಿನಲ್ಲಿ ಅಡುಗೆಯವರು. ಹಡಗಿನಲ್ಲಿ ದುಡಿಯುವವರಿಗೆ ಕೊಂಕಣಿಯಲ್ಲಿ ತಾರ್ವಟಿ ಅನ್ನುತ್ತಾರೆ. ಆ ವರ್ಷ ಹಬ್ಬಕ್ಕೆ ಬಂದೇ ಬರುತ್ತೇನೆ ಅಂದವರು, ಕೆಲಸ ಎರಡು ತಿಂಗಳು ಮುಂದುವರಿದಿದೆ ಅಂತ ಪತ್ರ ಹಾಕಿದರು. ಅಮ್ಮ ಅದನ್ನು ಓದಿ ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟರು. "ಈ ಸಲ ನಕ್ಷತ್ರ ಬೇಡ. ಯಾರಿಗೆ ಅಂತ?" ಅಂದರು. ಅಟ್ಟದ ಮೇಲೆ ಅಪ್ಪ ಮಾಡಿಟ್ಟ ಬಿದಿರಿನ ಚೌಕಟ್ಟಿತ್ತು. ಐದು ಮೂಲೆಯ ಎರಡು ನಕ್ಷತ್ರ, ತುದಿಗಳನ್ನು ಸೇರಿಸಿ ಕಟ್ಟಿ, ನಡುವೆ ಗಿಡ್ಡ ಕಡ್ಡಿ ಕೊಟ್ಟು ಉಬ್ಬಿಸಿದ್ದು. ವರ್ಷಾ ವರ್ಷಾ ಅದಕ್ಕೆ ಹೊಸ ಗಾಳಿಪಟದ ಕಾಗದ ಅಂಟಿಸುತ್ತಿದ್ದೆವು.

ನಮ್ಮದು ಕಾರವಾರದ ಕೋಡಿಬಾಗದ ಓಣಿ. ಕಾಳಿ ಸೇತುವೆ ಆಗಿನ್ನೂ ಹೊಸದು (2024ರ ಆಗಸ್ಟಿನಲ್ಲಿ ಕುಸಿಯಿತಲ್ಲ, ಅದೇ). ಡಿಸೆಂಬರ್ 20 ದಾಟುವಷ್ಟರಲ್ಲಿ ಸುತ್ತ ಎಲ್ಲರ ಮನೆಯಲ್ಲೂ ನಕ್ಷತ್ರ ಹೊತ್ತಿಕೊಂಡಿತು. ನಮ್ಮ ಜಗುಲಿ ಕತ್ತಲು.

ಮೊದಲು ಬಂದವಳು ಮೀನಿನ ಅಜ್ಜಿ. ಅವತ್ತು ಚೌಕಾಸಿ ಮಾಡಲೇ ಇಲ್ಲ. ಎರಡು ಬಂಗಡೆ ಜಾಸ್ತಿ ಹಾಕಿ ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಸಂಜೆ ಎದುರು ಮನೆಯ ಮಾಸ್ತರರ ಹೆಂಡತಿ ಒಂದು ಪಾತ್ರೆ ಗಂಜಿ ತಂದು, ಮಾತಾಡದೆ ಒಳಗಿಟ್ಟು ಹೋದರು. ನಾವ್ಯಾರೂ ಜ್ವರ ಬಿದ್ದಿರಲಿಲ್ಲ. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಕತ್ತಲಾದ ಮೇಲೆ ಮಾಸ್ತರರೇ ಬಂದು ಅಂಗಳದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದರು: "ತಂತಿ ಯಾವಾಗ ಬಂತು ತಂಗಿ?"

"ಯಾವ ತಂತಿ?"

ಆಗ ಗೊತ್ತಾಯಿತು. ಸಾವಾದ ವರ್ಷ ಆ ಮನೆಯವರು ನಕ್ಷತ್ರ ಹಾಕುವುದಿಲ್ಲ, ಎಣ್ಣೆ ಕಾಯಿಸುವುದಿಲ್ಲ. ನೆವ್ರಿ, ಕುಲ್‌ಕುಲ್‌ನಂಥ ಹಬ್ಬದ ಕರಿದ ತಿಂಡಿ ಎಲ್ಲ ಅಕ್ಕಪಕ್ಕದಿಂದಲೇ ಬರಬೇಕು. ನಮ್ಮ ಕತ್ತಲು ಜಗುಲಿ ನೋಡಿ ಓಣಿಯವರೆಲ್ಲ ಸೇರಿ ಅಪ್ಪನನ್ನು ಸಮುದ್ರದಲ್ಲಿ ಮುಗಿಸಿಬಿಟ್ಟಿದ್ದರು.

ಅಮ್ಮ ಮೊದಲು ನಕ್ಕರು. ಆಮೇಲೆ ಅತ್ತರು. ಆಮೇಲೆ ನನಗೆ "ಅಟ್ಟ ಹತ್ತು" ಅಂದರು. ಅಂಟಿಗೆ ಮೈದಾ ತರೋಣವೆಂದರೆ ಅಂಗಡಿ ಮುಚ್ಚಿತ್ತು. ಅದೇ ಗಂಜಿಯ ಅನ್ನ ಕಿವುಚಿ ಕೆಂಪು ಕಾಗದ ಅಂಟಿಸಿದೆವು. ಮಾಸ್ತರರು ಸ್ಟೂಲ್ ಹತ್ತಿ ನಲವತ್ತು ವ್ಯಾಟಿನ ಬಲ್ಬು ಕಟ್ಟಿದರು. ರಾತ್ರಿ ಹನ್ನೊಂದಕ್ಕೆ ಸ್ವಿಚ್ ಹಾಕಿದಾಗ ನಾಲ್ಕು ಮನೆಯ ಬಾಗಿಲು ತೆರೆದವು. ಅಂಟಿಗೆ ಮೈಲುತುತ್ತ ಹಾಕಿರಲಿಲ್ಲ ನೋಡಿ, ಹೊಸ ವರ್ಷ ಬರುವಷ್ಟರಲ್ಲಿ ಜಿರಲೆ ಒಂದು ಮೂಲೆ ತಿಂದಿತ್ತು. ಫೆಬ್ರವರಿಯಲ್ಲಿ ಅಪ್ಪ ಬಂದಾಗ ಮೀನಿನ ಅಜ್ಜಿ ಅವರ ಕೈ ಮುಟ್ಟಿ ನೋಡಿಯೇ ಬುಟ್ಟಿ ಇಳಿಸಿದ್ದು.

ಹಾಗಾಗಿ "ಒಬ್ಬರೇ ಇರುವಾಗ ಅಲಂಕಾರ ಯಾಕೆ?" ಅನ್ನುವುದು ನಮ್ಮ ಕಡೆಯ ಪ್ರಶ್ನೆಯೇ ಅಲ್ಲ ಅಂತ ಈಗ ಅನ್ನಿಸುತ್ತಿದೆ. ಸ್ಟಾರು ಹಾಕುವುದು ಜಗುಲಿಯ ಹೊರಗೆ. ಒಳಗೆ ಕೂತವರಿಗೆ ಅದು ಕಾಣುವುದೂ ಇಲ್ಲ. ಇಲ್ಲಿ ಓಣಿ ಎಲ್ಲಿದೆ ಅಂತೀರಾ? ಲಿಫ್ಟಿನಲ್ಲಿ ಸಿಕ್ಕಿದಳಲ್ಲ.

ಆದರೆ ಕೊನೇ ದಿನ ಮನಸ್ಸು ಮಾಡಿದರೆ ಆಗುವುದಿಲ್ಲ. ಗೋದಲಿಗೆ ಹಸಿರು ಬೇಕೆಂದರೆ ರಾಗಿಯನ್ನು ಈಗಲೇ ಬಿತ್ತಬೇಕು. ಒಂದು ರಾತ್ರಿ ನೆನೆಸಿ, ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರವಿ ಉದುರಿಸಿದರೆ ಹತ್ತು-ಹನ್ನೆರಡು ದಿನಕ್ಕೆ ಹುಲ್ಲು ಏಳುತ್ತದೆ. ಇವತ್ತು ಶುಕ್ರವಾರ, ಡಿಸೆಂಬರ್ 12. ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ರಾತ್ರಿಯೊಳಗೆ ಹೋಗಬೇಕು, ರಾಗಿಯೂ ನೆನೆಯಬೇಕು.

ಸಂಘದ ಸುದ್ದಿ, ಬೇಗಬೇಗ. ಮಕ್ಕಳ ಕನ್ನಡ ತರಗತಿ ಮತ್ತೆ ಶುರುವಾಗುವುದು ಜನವರಿ 9ಕ್ಕೆ. ಸಂಕ್ರಾಂತಿ ಬುಧವಾರ ಬಂದಿದೆ, ನಾವು ಸೇರುವುದು 16ರ ಶುಕ್ರವಾರ. ಸಂಕ್ರಾಂತಿ ಕಾಳು ಮಾಡಲು ಬಲ್ಲವರು ದಯವಿಟ್ಟು ಮುಂದೆ ಬನ್ನಿ. ಸಣ್ಣ ಉರಿಯಲ್ಲಿ ಪಾಕ ಹನಿಸುತ್ತ ಕೂರುವ ತಾಳ್ಮೆ ಬೇಕು, ಕಾಳಿಗೆ ಮುಳ್ಳು ಬರಬೇಕು. ಹೋದ ವರ್ಷದ್ದು ಬರೀ ಸಕ್ಕರೆ ಉಂಡೆಯಾಗಿತ್ತು, ಅದನ್ನು ಮಾಡಿದವಳು ನಾನೇ. 2026 ಶಿರಸಿ ಮಾರಿಕಾಂಬಾ ಜಾತ್ರೆಯ ವರ್ಷ. ಅದಕ್ಕೆ ಅಂತಲೇ ರಜೆ ಉಳಿಸಿಕೊಂಡು ಈ ಡಿಸೆಂಬರಿನಲ್ಲಿ ಊರಿಗೆ ಹೋಗದವರು ನಮ್ಮಲ್ಲೇ ಏಳೆಂಟು ಜನ ಇದ್ದೀರಿ. ನೀವೂ, ಒಬ್ಬೊಬ್ಬರೇ ಇರುವ ಉಳಿದವರೂ 25ರ ರಾತ್ರಿ ಆಫೀಸು ಮುಗಿಸಿ ನಮ್ಮನೆಗೆ ಬನ್ನಿ. ನೆವ್ರಿ ನನ್ನದು, ತಟ್ಟೆ ನಿಮ್ಮದು. ನನ್ನ ಹತ್ತಿರ ಇರುವುದು ಆರೇ.

ಇನ್ನೊಂದು ಮಾತು. ಪುಟ ಜೋಡಿಸುತ್ತಿದ್ದವರಿಗೆ ದೋಹಾಕ್ಕೆ ವರ್ಗವಾದ ಮೇಲೆ ಆ ಕೆಲಸವೂ ನನ್ನ ತಲೆಗೇ ಬಂದಿದೆ. ನುಡಿ ತಂತ್ರಾಂಶದಲ್ಲಿ ಟೈಪಾಗಿ ಬಂದ ಲೇಖನವನ್ನು ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ ಹಾರಿಹೋಗುತ್ತವೆ. ಹೋದ ಸಂಚಿಕೆಯಲ್ಲಿ "ಹಬ್ಬ" ಹೋಗಿ "ಹಬ" ಆದದ್ದನ್ನು ಮೂವರು ಫೋನ್ ಮಾಡಿ ಹೇಳಿದಿರಿ. ಆ ಮೂವರೇ ತಿಂಗಳಿಗೆ ಎರಡು ಗಂಟೆ ಕರಡು ತಿದ್ದಿಕೊಟ್ಟರೆ ಆಗದಾ? ನಿಜವಾಗಿ ಕೇಳುತ್ತಿದ್ದೇನೆ. ಒಬ್ಬಳಿಂದ ಆಗುತ್ತಿಲ್ಲ.

ಈಗ ಎದ್ದು ಪೆಟ್ಟಿಗೆ ತೆಗೆದು ನೋಡಿದೆ. ಬಲ್ಬು ಹೋಗಿದೆ, ಒಂದು ಮೂಲೆ ಹರಿದಿದೆ. ಹುಡುಗಿ ಹೇಳಿದ್ದು ಸರಿಯೇ. ನಾಳೆ ಶನಿವಾರ, ರೂವಿ ಪೇಟೆಗೆ ಹೋಗಿ ಬಲ್ಬು ತರುತ್ತೇನೆ. ಅಂಟಿಗೆ ಕುಕ್ಕರಿನಲ್ಲಿ ಮಧ್ಯಾಹ್ನದ ಅನ್ನ ಇದೆ.