ಆ ಅಂಗಿಯ ವಿಷಯ

ಪುಟ್ಟಿ,

ಶುಕ್ರವಾರ ನೀನು ಫೋನ್ ಇಟ್ಟ ಮೇಲೆ ಮೂರು ಸಲ ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ. ಮತ್ತೆ ಫೋನ್ ಮಾಡಿದರೆ ನನ್ನ ಬಾಯಲ್ಲಿ ಇನ್ನೇನಾದರೂ ಬಂದುಬಿಡುತ್ತೆ ಅಂತ ಭಯ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಿನ್ನ ರಗ್ಬಿ ತಂಡ ಮುಚ್ಚಿಹೋಗಬಹುದು ಅಂತ ನೀನು ಅಷ್ಟು ಅಳುತ್ತಿದ್ದಾಗ 'ಸುಮ್ನೆ ಒಂದು ಆಟಕ್ಕೆ ಯಾಕಮ್ಮ ಇಷ್ಟು' ಅಂದೆ. ತಪ್ಪಾಯಿತು. 'ನನ್ನ ಅಂಗಿ ಕೊಟ್ಟುಬಿಟ್ಟಾಗಲೂ ಇದನ್ನೇ ಹೇಳಿದ್ದೆ, ನೆನಪಿದೆಯಾ?' ಅಂತ ನೀನು ಕೇಳಿದೆ. ನಾನು ಮಾತಾಡಲಿಲ್ಲ. ಮರೆತಿದ್ದಾಳೆ ಅಂತ ನೀನು ಅಂದುಕೊಂಡಿರಬೇಕು. ಮರೆತಿಲ್ಲ ಪುಟ್ಟಿ. ಆ ಅಂಗಿಯನ್ನು ಯಾವ ಚೀಲಕ್ಕೆ ಹಾಕಿದೆ, ಅದರ ಮೇಲೆ ಏನಿಟ್ಟು ಮುಚ್ಚಿದೆ, ಎಲ್ಲವೂ ನೆನಪಿದೆ.

ಅವತ್ತು ರಾತ್ರಿಯೇ ಸುದ್ದಿಯನ್ನು ಪೂರ್ತಿ ಓದಿದೆ. ವೇಲ್ಸ್‌ನ ರಗ್ಬಿ ನಡೆಸುವ ವೆಲ್ಷ್ ರಗ್ಬಿ ಯೂನಿಯನ್ ಇಲ್ಲಿನ ನಾಲ್ಕು ದೊಡ್ಡ ತಂಡಗಳನ್ನು ಮೂರು ಮಾಡುತ್ತದಂತೆ. ಕಾರ್ಡಿಫ್‌ಗೆ ಒಂದು, ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು. ಪಶ್ಚಿಮದಲ್ಲಿ ಇರುವುದು ಎರಡು, ನಿನ್ನ ಆಸ್ಪ್ರೀಸ್ ಮತ್ತು ಲನೆಥ್ಲಿಯ ಸ್ಕಾರ್ಲೆಟ್ಸ್. ಲೆಕ್ಕ ನನಗೂ ಅರ್ಥವಾಯಿತು. ಓದುತ್ತಾ ಓದುತ್ತಾ 2004ಕ್ಕೇ ಹೋಗಿಬಿಟ್ಟೆ.

ಆಗ ನಿನಗೆ ಒಂಬತ್ತು ವರ್ಷ. ನಮ್ಮ ಊರಿನ ಮೈದಾನ ಬ್ರೂವರಿ ಫೀಲ್ಡ್‌ನಲ್ಲಿ ಏನೇನು ನಡೆಯಿತು ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಬಿಡುತ್ತೇನೆ. ಮೈದಾನದ ಹೊರಗೆ ನಡೆದದ್ದು ನಿನಗೆ ಆ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆ ತಾತ ಆಮೇಲೆ ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು. 2003ರವರೆಗೆ ವೇಲ್ಸ್‌ನಲ್ಲಿ ದುಡ್ಡು ಕೊಟ್ಟು ಆಡಿಸುವ ದೊಡ್ಡ ಕ್ಲಬ್‌ಗಳು ಒಂಬತ್ತು ಇದ್ದವಂತೆ. ಅಷ್ಟು ಕ್ಲಬ್‌ಗಳಿಗೆ ಸಾಕಾಗುವಷ್ಟು ದುಡ್ಡು ಇರಲಿಲ್ಲ. ಐರ್ಲೆಂಡ್‌ನಲ್ಲಿ ಪ್ರಾಂತ್ಯಕ್ಕೊಂದು ತಂಡ ಇರುವ ಹಾಗೆ ಇಲ್ಲೂ ಮಾಡೋಣ ಅಂತ ಒಂಬತ್ತನ್ನು ಐದಕ್ಕೆ ಇಳಿಸಿದರು. ನೀತ್ ಮತ್ತು ಸ್ವಾನ್ಸಿ ಸೇರಿ ಆಸ್ಪ್ರೀಸ್ ಆಯಿತು. ನಮ್ಮ ಊರು ಬ್ರಿಡ್ಜೆಂಡ್ ಮತ್ತು ಪಾಂಟಿಪ್ರಿದ್ ಸೇರಿ ಸೆಲ್ಟಿಕ್ ವಾರಿಯರ್ಸ್ ಆಯಿತು. ಅದೇ ವರ್ಷ ಬ್ರಿಡ್ಜೆಂಡ್ ವೇಲ್ಸ್‌ನ ಲೀಗ್ ಗೆದ್ದಿತ್ತು. ಗೆದ್ದ ಊರಿನ ಹೆಸರೇ ತಂಡದಲ್ಲಿ ಉಳಿಯಲಿಲ್ಲ ಅಂತ ತಾತನಿಗೆ ಬೇಜಾರು. ಪಾಂಟಿಪ್ರಿದ್‌ನವರಿಗೂ ಅದೇ ಬೇಜಾರು ಇತ್ತಂತೆ. ಆದರೂ ಇಬ್ಬರೂ ಬಂದು ಒಂದೇ ಕಡೆ ನಿಂತು ಕೂಗಿದರು.

ಒಂದೇ ಒಂದು ಸೀಸನ್. ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಆಡುವ ಸೆಲ್ಟಿಕ್ ಲೀಗ್‌ನ 12 ತಂಡಗಳಲ್ಲಿ 4ನೇ ಸ್ಥಾನ. ಯುರೋಪಿನ ಕ್ಲಬ್‌ಗಳ ಹೈನೆಕೆನ್ ಕಪ್‌ನಲ್ಲಿ ಇಂಗ್ಲೆಂಡಿನ ವಾಸ್ಪ್ಸ್ ತಂಡವನ್ನು ಅವರ ಮೈದಾನಕ್ಕೇ ಹೋಗಿ ಸೋಲಿಸಿದರು. ಆ ವರ್ಷ ಕಪ್ ಗೆದ್ದದ್ದು ಅದೇ ವಾಸ್ಪ್ಸ್. ಆ ಕಪ್‌ನಲ್ಲಿ ಅವರು ಸೋತದ್ದು ನಿನ್ನ ವಾರಿಯರ್ಸ್‌ಗೆ ಮಾತ್ರ. ಇಷ್ಟಾದ ಮೇಲೆ ಜೂನ್‌ನಲ್ಲಿ ಮುಚ್ಚಿಬಿಟ್ಟರು. ಮಾಲೀಕರು ತಂಡವನ್ನು ಯೂನಿಯನ್‌ಗೆ ಮಾರಿದರು, ಯೂನಿಯನ್ ಬಾಗಿಲು ಹಾಕಿತು. ಚೆನ್ನಾಗಿ ಆಡಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಇದನ್ನು ನಿನಗೆ ಹೇಗೆ ಹೇಳುವುದು ಅಂತ ನನಗೆ ಗೊತ್ತಾಗಲಿಲ್ಲ. ಚೆನ್ನಾಗಿ ಓದು, ಕಷ್ಟಪಡು, ಯಾರೂ ನಿನ್ನನ್ನು ತಳ್ಳುವುದಿಲ್ಲ ಅಂತ ದಿನಾ ಹೇಳುತ್ತಿದ್ದವಳು ನಾನೇ.

ಈಗ ಅಂಗಿಯ ವಿಷಯ.

ನಾನು ನಿನ್ನ ವಾರಿಯರ್ಸ್ ಅಂಗಿಯನ್ನು ಚಾರಿಟಿ ಅಂಗಡಿಯ (ದಾನ ಕೊಟ್ಟ ಹಳೇ ಬಟ್ಟೆ ಮಾರುವ ಅಂಗಡಿ) ಚೀಲಕ್ಕೆ ಹಾಕಿದ್ದು ಒಂದು ಬುಧವಾರ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ನೀನು ಅದನ್ನೇ ಹಾಕಿಕೊಂಡು ಮಲಗಿದ್ದೆ, ಮೂರು ದಿನದಿಂದ ಬಿಚ್ಚಿರಲಿಲ್ಲ. ತಾತ ಕೊಡಿಸಿದ್ದು, ತೋಳು ಮೊಣಕೈಗಿಂತ ಕೆಳಗೆ ಬರುತ್ತಿತ್ತು. ಒಗೆಯೋಣ ಅಂತ ಹೇಳಿ ಬಿಚ್ಚಿಸಿದೆ. ನೀನು ಸ್ಕೂಲಿಗೆ ಹೋದ ಮೇಲೆ ಚೀಲಕ್ಕೆ ಹಾಕಿದೆ. ಮೇಲೆ ನನ್ನ ಹಳೇ ಸ್ವೆಟರ್ ಇಟ್ಟೆ, ಯಾರೂ ನೋಡಬಾರದು ಅಂತ. ಸಂಜೆ ನೀನು ಹುಡುಕಿದೆ. ಆಗ ಹೇಳಿದೆ ಆ ಮಾತು. ಆಟ ಅಷ್ಟೇ, ಟೀಮೇ ಇಲ್ಲ, ಅಂಗಿ ಯಾಕೆ ಅಂತ.

ಯಾಕೆ ಹಾಗೆ ಮಾಡಿದೆ ಅಂತ ಇಷ್ಟು ವರ್ಷ ನಿನಗೆ ಹೇಳಿಲ್ಲ. ಆ ತಿಂಗಳು ನನ್ನ ವರ್ಕ್ ಪರ್ಮಿಟ್‌ನ ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ನಾನೂ ಅಪ್ಪನೂ ದಿನಾ ರಾತ್ರಿ ಮೆತ್ತಗೆ ಮಾತಾಡುತ್ತಿದ್ದೆವು. ಸಿಗದಿದ್ದರೆ ಮಂಗಳೂರಿಗೆ ವಾಪಸ್, ಸಾಲ ಹಾಗೇ ಬಾಕಿ. ನೀನು ಮಾತ್ರ ಇಂಗ್ಲಿಷ್‌ನಲ್ಲಿ 'ವೀ' (ನಾವು) 'ಅವರ್' (ನಮ್ಮ) ಅಂತ ಈ ಊರನ್ನು ನಿನ್ನದೇ ಮಾಡಿಕೊಂಡು ಓಡಾಡುತ್ತಿದ್ದೆ. ಮ್ಯಾಚ್ ಮುಗಿಸಿ ತಾತನ ಕೈ ಹಿಡಿದು ಬರುವಾಗ ನಿನ್ನ ಮುಖ ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು. ಇಷ್ಟು ಬೇರು ಬಿಟ್ಟ ಮೇಲೆ ಹೇಗೆ ಕೀಳುವುದು? ತಂಡ ಮುಚ್ಚಿದಾಗ ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಸಮಾಧಾನವೇ ಆಯಿತು. ಈಗಲೇ ಕಲಿತುಕೊಳ್ಳಲಿ ಅಂದುಕೊಂಡೆ. ಒಂಬತ್ತು ವರ್ಷದ ಮಗುವಿನ ಬಗ್ಗೆ ತಾಯಿಯಾದವಳು ಹಾಗೆ ಅಂದುಕೊಂಡೆನಲ್ಲ, ಇವತ್ತಿಗೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತೆ.

ತಾತ ಹಾಗೆ ಮಾಡಲಿಲ್ಲ ನೋಡು. ಮೇಸ್ಟೆಗ್‌ನ ಗಣಿ 1985ರಲ್ಲಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಅವರು. ಮುಚ್ಚುವುದು ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. 2005ರ ಮಾರ್ಚ್‌ನಲ್ಲಿ ವೇಲ್ಸ್ ಐರ್ಲೆಂಡನ್ನು 32-20ರಿಂದ ಸೋಲಿಸಿ ಗ್ರ್ಯಾಂಡ್ ಸ್ಲ್ಯಾಮ್ (ಸಿಕ್ಸ್ ನೇಷನ್ಸ್ ಟೂರ್ನಿಯ ಎಲ್ಲ ಪಂದ್ಯ) ಗೆದ್ದ ದಿನ ನಮ್ಮ ಬಾಗಿಲು ಬಡಿದು ನಿನ್ನನ್ನು ಕೂಗಿದ್ದು ಅವರೇ. 27 ವರ್ಷದ ಮೇಲೆ ಬಂದ ಗೆಲುವು. ಅವತ್ತು ವೇಲ್ಸ್‌ನ ಎರಡೂ ಟ್ರೈ (ಚೆಂಡನ್ನು ಗೆರೆ ದಾಟಿಸಿ ನೆಲಕ್ಕೆ ಒತ್ತುವುದು) ಹೊಡೆದದ್ದು ಗೆಥಿನ್ ಜೆಂಕಿನ್ಸ್ ಮತ್ತು ಕೆವಿನ್ ಮಾರ್ಗನ್. ಇಬ್ಬರೂ ವಾರಿಯರ್ಸ್ ಹುಡುಗರು. ಸಿಡೋಲಿ, ಕಾಕ್‌ಬೇನ್, ಮೆಫಿನ್ ಡೇವಿಸ್ ಕೂಡ ಅಲ್ಲಿಂದಲೇ ಬಂದವರು. ಮೆಫಿನ್‌ಗೆ ಉಳಿದ ನಾಲ್ಕು ತಂಡಗಳಲ್ಲಿ ಜಾಗವೇ ಸಿಕ್ಕಿರಲಿಲ್ಲ ಅಂತ ತಾತ ಹೇಳಿದರು. ಕೆಳ ಹಂತದಲ್ಲಿ ಉಳಿದಿದ್ದ ನೀತ್ ಕ್ಲಬ್ ಪರ ಆಡಿಕೊಂಡಿದ್ದು ಆಮೇಲೆ ಇಂಗ್ಲೆಂಡಿನ ಗ್ಲಾಸ್ಟರ್‌ಗೆ ಹೋದ. ಆದರೂ ವೇಲ್ಸ್‌ನ ಕೆಂಪು ಅಂಗಿ ಹಾಕಿ ಆಡಿದ. ನೀನು ಅವತ್ತು ಕುಣಿಯಲಿಲ್ಲ. ಟಿವಿ ಮುಂದೆ ಕೂತು ಬೆರಳು ಮಡಚಿ ಒಬ್ಬೊಬ್ಬರನ್ನೇ ಎಣಿಸಿದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಬರಲು ಮುಖ ಇರಲಿಲ್ಲ.

ಆಮೇಲೆ ಯಾವಾಗ ಆಸ್ಪ್ರೀಸ್ ನಿನ್ನದಾಯಿತು ಅಂತ ನನಗೆ ಗೊತ್ತೇ ಇಲ್ಲ. ನೀನು ಹೇಳಲಿಲ್ಲ, ಯಾಕೆ ಹೇಳುತ್ತೀಯ? ಆಸ್ಟ್ರೇಲಿಯಾವನ್ನು ಸೋಲಿಸಿದ್ದು, ಇಂಗ್ಲೆಂಡಿನ ಟ್ವಿಕನಮ್‌ನಲ್ಲಿ ವೇಲ್ಸ್ ಪರ ಹದಿಮೂರು ಜನ ಆಸ್ಪ್ರೀಸ್ ಆಟಗಾರರು ಕಣಕ್ಕಿಳಿದದ್ದು, ಡಬ್ಲಿನ್‌ನಲ್ಲಿ ಶೇನ್ ವಿಲಿಯಮ್ಸ್ ಕೊನೆಯ ಗಳಿಗೆಯಲ್ಲಿ ಮೂಲೆಗೆ ಓಡಿದ್ದು, ಎಲ್ಲ ನಿನ್ನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಒಂದು ಸಲ ಮುರಿದುಬಿದ್ದದ್ದನ್ನು ನೋಡಿಯೂ ನೀನು ಮತ್ತೆ ಮನಸ್ಸು ಕೊಟ್ಟೆ. ನನ್ನ ಕೈಲಿ ಆಗುತ್ತಿರಲಿಲ್ಲ. ಹೆಮ್ಮೆಯಾಗುತ್ತೆ ಪುಟ್ಟಿ. ಇದನ್ನು ಶುಕ್ರವಾರವೇ ಹೇಳಬೇಕಿತ್ತು.

ಆದರೂ ತಾಯಿ ನಾನು, ಎರಡು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ರಾತ್ರಿಯೆಲ್ಲ ಫೋನ್ ಹಿಡಿದು ಯಾರು ಯಾರೋ ಬರೆದದ್ದನ್ನು ಓದಬೇಡ. ಬೆಳಿಗ್ಗೆ ಕೆಲಸ ಇರುತ್ತೆ. ಊಟ ಬಿಡಬೇಡ, ನಿನಗೆ ಆ್ಯಸಿಡಿಟಿ ಇದೆ. ಲನೆಥ್ಲಿಯ ನಿನ್ನ ಗೆಳತಿಯ ಜೊತೆ ಜಗಳ ಮಾಡಬೇಡ. ಅವಳಿಗೂ ಇದೇ ಭಯ. 1972ರಲ್ಲಿ ನ್ಯೂಜಿಲೆಂಡನ್ನೇ 9-3ರಿಂದ ಸೋಲಿಸಿದ ಊರು ಅದು, ಅವರ ಅಜ್ಜಂದಿರು ಇನ್ನೂ ಅದನ್ನೇ ಹೇಳಿಕೊಂಡು ಬದುಕುತ್ತಿದ್ದಾರೆ. ಅವರದು ಮುಚ್ಚಲಿ, ನಮ್ಮದು ಉಳಿಯಲಿ ಅಂತ ಮಾತ್ರ ಬೇಡಿಕೊಳ್ಳಬೇಡ. ಮೀಟಿಂಗ್‌ಗೆ ಹೋಗು, ಸಹಿ ಹಾಕು, ಕಾಗದ ಬರಿ. ಆದರೆ ಕೂಡಿಟ್ಟ ದುಡ್ಡು ಮುಟ್ಟಬೇಡ. ಮನೆಯ ಡಿಪಾಸಿಟ್‌ಗೆ ಅಂತ ಇಟ್ಟದ್ದು ಅದು. ಮತ್ತೆ ಚಳಿ ಶುರುವಾಗಿದೆ, ದಪ್ಪ ಕೋಟು... ಬಿಡು. ಎರಡು ಮಾತು ಅಂತ ಶುರು ಮಾಡಿದ್ದೆ.

ಒಂದು ವಿಷಯ ಉಳಿದಿದೆ. ಅಂಗಿ ಕೊಟ್ಟ ಮೂರನೇ ದಿನ ನಾನು ಆ ಅಂಗಡಿಗೆ ವಾಪಸ್ ಹೋಗಿದ್ದೆ. ಸ್ವೆಟರ್ ಅಲ್ಲೇ ನೇತಾಡುತ್ತಿತ್ತು. ಅಂಗಿ ಮಾರಾಟವಾಗಿತ್ತು. ಯಾರು ತೆಗೆದುಕೊಂಡರು ಅಂತ ಕೇಳಿದೆ. ಅಂಗಡಿಯ ಹೆಂಗಸಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ನಿನಗೆ ಹೇಳಲಿಲ್ಲ. ಹೇಳಿದರೆ ನಾನು ತಪ್ಪು ಮಾಡಿದೆ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಅವತ್ತಿನಿಂದ ಈ ಊರಿನಲ್ಲಿ ಯಾವ ಚಾರಿಟಿ ಅಂಗಡಿ ಕಂಡರೂ ಒಳಗೆ ಹೋಗಿ ಮಕ್ಕಳ ಬಟ್ಟೆ ನೋಡುತ್ತೇನೆ. 21 ವರ್ಷ ಆಯಿತು. ಅಪ್ಪನಿಗೂ ಗೊತ್ತಿಲ್ಲ, ಅಗ್ಗದ ಬಟ್ಟೆಯ ಹುಚ್ಚು ಅಂದುಕೊಂಡಿದ್ದಾರೆ.

ಸ್ವಾನ್ಸಿಯ ಸೇಂಟ್ ಹೆಲೆನ್ಸ್ ಮೈದಾನ ರೆಡಿಯಾಗುವವರೆಗೆ ಅಂತ ಈ 2025-26ರ ಸೀಸನ್ ಆಸ್ಪ್ರೀಸ್ ಬ್ರೂವರಿ ಫೀಲ್ಡ್‌ನಲ್ಲೇ ಆಡುತ್ತಿದ್ದಾರಲ್ಲ. ಮ್ಯಾಚ್ ಇದ್ದ ದಿನ ನಮ್ಮ ಹಿತ್ತಲಿಗೆ ಕೂಗು ಕೇಳಿಸುತ್ತೆ, ಆಗ ಕೇಳಿಸುತ್ತಿದ್ದ ಹಾಗೇ. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಆ ಗೇಟು ದಾಟಿಲ್ಲ. ಮುಂದಿನ ಮ್ಯಾಚಿಗೆ ನೀನು ಬಂದರೆ ನನ್ನನ್ನೂ ಕರೆದುಕೊಂಡು ಹೋಗು. ತಾತ ನಿನ್ನನ್ನು ನಿಲ್ಲಿಸುತ್ತಿದ್ದ ಜಾಗ ಯಾವುದು ಅಂತ ತೋರಿಸು.

ಈ ವಾರ ನನಗೆ ಗುರುವಾರದವರೆಗೆ ನೈಟ್. ಬೆಳಿಗ್ಗೆ ಎಂಟೂವರೆ ಮೇಲೆ ಫೋನ್ ಮಾಡು, ಎದ್ದೇ ಇರುತ್ತೇನೆ.

ಅಮ್ಮ